ಮೂರು ನಿಮಿಷ

ಬೆಳಗಿನ ಐದೂವರೆ, ಹೊಂಬಾಳಮ್ಮನ ಕೊಟ್ಟಿಗೆ.
ಬಾಯಲ್ಲಿ ರಬ್ಬರ್ ಕೊಳವೆ, ಕೈಯಲ್ಲಿ ಟಾರ್ಚು,
ಗೋಡೆಗೆ ಮುಖವಿಟ್ಟು ನಿಂತಿದ್ದೇನೆ
ತಪ್ಪು ಮಾಡಿದ ಹುಡುಗನ ಹಾಗೆ.
ಬಾಲ ಮೇಲೆತ್ತಿ ಓರೆಯಾಗಿ ಕೂತ ಜಾತಿಯೇ ಬೇಕು,
ಸುಣ್ಣಕ್ಕೆ ಯಾರೋ ಸಣ್ಣ ಮೊಳೆ ಹೊಡೆದಂತೆ.
ಉಸಿರೆಳೆದರೆ ಒಂದು, ಗಾಜಿನೊಳಕ್ಕೆ.
ಇನ್ನೊಂದು ಉಸಿರು, ಇನ್ನೊಂದು.
ಇಪ್ಪತ್ತಾರು ವರ್ಷ ಮನೆಗೆ ರಾಗಿ ತಂದದ್ದು ಈ ಉಸಿರು.

ಸಂಬಳದ ಚೀಟಿಯಲ್ಲಿ ನಾನು ಕೀಟ ಸಂಗ್ರಾಹಕ,
ನಾಲೆ ಪಕ್ಕದ ಊರುಗಳಲ್ಲಿ ಸೊಳ್ಳೆ ಮೇಷ್ಟ್ರು.
ಹೊಟ್ಟೆ ಕೆಂಪಾದದ್ದನ್ನು ಬೆಳಕಿಗೆ ಹಿಡಿಯುತ್ತೇನೆ:
ಎಮ್ಮೆಯದೋ, ಎಮ್ಮೆ ಕಾಯುವ ಹುಡುಗನದೋ,
ರಕ್ತ ಹೆಸರು ಹೇಳುವುದಿಲ್ಲ.

ಮಂಡ್ಯದ ಆಫೀಸಿನ ಹಿಂಬದಿಯ ಕೋಣೆ.
ಹೊಂಬಾಳಮ್ಮನ ಹಾಸಿಗೆ ಮೇಲಿಂದಲೇ ಬಿಚ್ಚಿ ತಂದ
ಮದ್ದಿನ ಪರದೆ, ಅಂಗೈಯಗಲ ಒಂದು ತುಂಡು.
(ಬದಲಿಗೆ ಹೊಸದು ಕೊಟ್ಟೆವು.
ಹಳೆಯದರಲ್ಲಿ ಉಳಿದದ್ದನ್ನೂ ಇಸ್ಕೊಂಡಳು,
ಕೋಳಿಮರಿ ಮುಚ್ಚೋಕೆ.)
ಅದರ ಮೇಲೆ ಆಲಿಕೆಯಂಥ ಗೂಡು, ಗೂಡಿಗೆ ಐದು.
ಶಾಹಿದಾ ಗಡಿಯಾರ ಒತ್ತುತ್ತಾಳೆ.
ಮೂರು ನಿಮಿಷ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ
ಕಾಲಿನ ತುದಿ ತಾಗಿದರೂ ಸಾಕಿತ್ತು,
ಮೊರದಿಂದ ನುಚ್ಚು ಜಾರಿದ ಹಾಗೆ ಉದುರುತ್ತಿದ್ದವು.
ಈಗ ಇದೊಂದು ಬಂದು ಕೂತಿತು,
ಹಿಂಗಾಲು ಎತ್ತಿತು, ಒಂದಕ್ಕೊಂದು ಉಜ್ಜಿತು,
ಕಾಲು ತೊಳೆದುಕೊಂಡು ಒಳಬಂದ ನೆಂಟನ ಹಾಗೆ.
ಶಾಹಿದಾ ನನ್ನ ಮುಖ ನೋಡಲಿಲ್ಲ.

ಇನ್ನು ಒಂದು ಹಗಲು, ಒಂದು ರಾತ್ರಿ ಕಾಯಬೇಕು.
ಕಾಯುವಾಗ ಅವಕ್ಕೂ ಊಟ ಕೊಡಬೇಕು, ನಿಯಮ ಹಾಗಿದೆ:
ಹತ್ತಿಯ ಉಂಡೆ, ಅದಕ್ಕೆ ಸಕ್ಕರೆ ನೀರು.
ಸಕ್ಕರೆ ನಮ್ಮ ಜಿಲ್ಲೆಯದೇ.
ನಮ್ಮ ಕಬ್ಬು, ನಮ್ಮ ನಾಲೆಯ ನೀರು,
ವಿಷ ಗೆದ್ದು ಬಂದವರಿಗೆ ಪಾನಕ.

ನೂರರಲ್ಲಿ ನಲವತ್ತೊಂದು ಸತ್ತವು.
ಇನ್ನೊಮ್ಮೆ ಎಣಿಸಿದೆ, ಬೆರಳು ನಡುಗಿ
ತಪ್ಪಿರಬಹುದೆಂದು. ತಪ್ಪಿರಲಿಲ್ಲ.

ಎಲ್ಲಿ ಕಲಿತವು ಇದನ್ನು?
ಬೆನ್ನಿಗೆ ಕ್ಯಾನು ಕಟ್ಟಿಕೊಂಡು
ನಾವೇ ಟೊಮೇಟೊ ಸಾಲಿಗೆ ಹೊಡೆದದ್ದು
ಈ ಪರದೆಯ ಮದ್ದಿನ ದಾಯಾದಿಯನ್ನೇ.
ಅದು ಮಳೆಗೆ ತೊಳೆದು ಗದ್ದೆಗಿಳಿಯಿತು,
ಗದ್ದೆಯ ನೀರಲ್ಲಿ ಇನ್ನೂ ಹುಳುವಾಗಿದ್ದಾಗಲೇ,
ರೆಕ್ಕೆ ಬರುವ ಮೊದಲೇ, ಅವು ಪಾಠ ಮುಗಿಸಿದ್ದವು.
ನಾನು ಮಾತ್ರ ವರ್ಷಗಟ್ಟಲೆ ಮನೆಮನೆಗೆ ಹೇಳಿದೆ:
ಇದರಡಿ ಮಲಗಿ, ತಾಗಿದರೆ ಸಾಯುತ್ತವೆ.

ಎರಡು ಮದ್ದು ಸೇರಿಸಿದ ಪರದೆ ಬರಲಿದೆಯಂತೆ.
ಎಂದು ಅಂತ ಕಾಗದದಲ್ಲಿ ಬರೆದಿಲ್ಲ.
ನಮೂನೆಯ ಕೊನೆಯ ಕಾಲಂ 'ಷರಾ',
ಅದನ್ನು ಖಾಲಿ ಬಿಟ್ಟು ಮತ್ತೆ ಊರಿಗೆ ಹೋದೆ.

"ಸತ್ತವಾ ಮೇಷ್ಟ್ರೇ?"
ಅರ್ಧಕ್ಕರ್ಧ ಬದುಕಿದವು, ಅದಕ್ಕೂ ಜಾಸ್ತಿ, ಅಂದೆ.
ಹೊಂಬಾಳಮ್ಮ ಎಲೆಗೆ ಸುಣ್ಣ ಸವರುತ್ತ ಯೋಚಿಸಿದಳು.
"ಇಸ ಸೋತ್ರೆ ಸೋಲ್ಲಿ ಬುಡಿ. ಬಟ್ಟೆ ಅದಲ್ಲ.
ಅದ್ಕೆ ಮೂತಿ ತೂರ್ಸೋಕೆ ಜಾಗ ಸಿಗ್ದಂಗೆ ಮಡಗಿದ್ರಾಯ್ತು."
ಇಷ್ಟು ಸುಲಭವಲ್ಲ ಅನ್ನಬೇಕೆನಿಸಿತು.
ಮೊಮ್ಮಗುವಿಗೆ ಹೋದ ತಿಂಗಳಷ್ಟೇ ಚಳಿಜ್ವರ ಬಿಟ್ಟಿತ್ತು,
ಅನ್ನಲಿಲ್ಲ.

ಮಾರನೆಯ ಬೆಳಗ್ಗೆ ಕೊಟ್ಟಿಗೆಗೆ ಮೊದಲು
ಮಗುವಿನ ಹಾಸಿಗೆಗೆ ಟಾರ್ಚು ಹಾಕಿದೆ.
ಪರದೆಯ ಹೊರಮೈಯಲ್ಲಿ ನಾಲ್ಕು,
ಜೀವಂತ, ಆರಾಮಾಗಿ ಕೂತಿವೆ.
ಒಂದೊಂದನ್ನೂ ಉಸಿರಲ್ಲೆಳೆದು ಬೆಳಕಿಗೆ ಹಿಡಿದೆ:
ಖಾಲಿ. ಖಾಲಿ.
ಗಾಜಿನಾಚೆ ಗಾಜಿನಂತೆ ತೆಳ್ಳನೆಯ ಹೊಟ್ಟೆ.
ಖಾಲಿ. ಖಾಲಿ.

ಆಮೇಲೆ ಒಳಗೆ, ಕಾಲ ಬಳಿಯ ಮೂಲೆಯಲ್ಲಿ,
ಹೊಸ ಪರದೆಗೆ ಮಂಚದ ಮೊಳೆ ಸಿಕ್ಕಿ
ಹುಣಿಸೆ ಬೀಜದಷ್ಟು ಹರಿದಲ್ಲಿ,
ಐದನೆಯದು.
ಅದು ಕೆಂಪಗಿತ್ತು.

ತೋರಿಸಿದೆ. ಹೊಂಬಾಳಮ್ಮ ಏನೂ ಅನ್ನಲಿಲ್ಲ.
ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದ್ದ ಸೂಜಿ ತೆಗೆದು
ದಾರದ ತುದಿಯನ್ನು ತುಟಿಯಲ್ಲಿ ತೇವ ಮಾಡಿ,
"ಕಣ್ಣು ಕಾಣ್ಸಕಿಲ್ಲ, ಪೋಣ್ಸಿಕೊಡಿ" ಎಂದು
ನನ್ನ ಕಡೆ ಚಾಚಿದಳು.