ಕೈಗೆ ತಿಳಿಯುವಷ್ಟು

ಜಗಳೂರು ಕಡೆಯ ಎರೆಮಣ್ಣಲ್ಲಿ ಒಂದು ಹಿಂಗಾಲಿ
ಗಿರ್ರನೆ ಸುಮ್ಮಸುಮ್ಮನೆ ತಿರುಗುತ್ತಿತ್ತಂತೆ;
ಇನ್ನೊಂದು, ಗಟ್ಟಿ ಗರಸಿನ ಮೇಲೆ ನಿಂತದ್ದು,
ಹೊಸ ಬೀಗರ ಹಾಗೆ ಮಿಸುಕಲಿಲ್ಲವಂತೆ.
ಗಂಗಾಂಬಿಕೆ ಟೀಚರು ಕೆಸರು ಚಪ್ಪಲಿ ಕೈಲಿ ಹಿಡಿದೇ
ದಾವಣಗೆರೆಯ ನಮ್ಮ ಶೆಡ್ಡಿಗೆ ಬಂದರು.
"ಎಂಬತ್ತೆಂಟನೇ ಇಸ್ವಿ ಕಾಂಟೆಸ್ಸಾ, ಗೌಸ್ ಪೀರ್,
ಲಾರಿಯವರು ಹಗ್ಗ ಹಾಕಿ ಎಳೆದರು.
ನಿಂತ ಕಾಲಿಗೆ ಯಾಕೆ ಬಲ ಹೋಗಲಿಲ್ಲ?"

ಮೇಸ್ತ್ರಿ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡರು:
"ಅದರ ಹುಟ್ಟುಗುಣ ಟೀಚರೇ.
ಯಾವುದು ಜಾರ್ತೈತೋ ಅದಕ್ಕೇ ಎಲ್ಲಾ ಸುರೀತೈತಿ.
ನಮ್ಮಪ್ಪನೂ ಹಂಗೇ ಇದ್ದ."

ಎರಡೂ ಹಿಂಗಾಲಿ ಎತ್ತಿ ಕುದುರೆ ಮೇಲೆ ಕೂರಿಸಿದೆವು.
ನಾನು ಎಡದ್ದನ್ನು ಮುಂದಕ್ಕೆ ತಿರುಗಿಸಿದರೆ
ಬಲದ್ದು ಹಿಂದಕ್ಕೆ ತಿರುಗಿತು.
"ಓಪನ್. ಬರಕೋ." ಬರೆದುಕೊಂಡೆ.

ಆಮೇಲೆ ರಿಂಗ್ ರೋಡಿನ ಗುಜರಿಯಲ್ಲಿ ಮೂರು ಭಾನುವಾರ.
ಬಸ್ಸುಗಳ ಎಲುಬು, ಅಂಬಾಸಿಡರ್ ತಲೆಬುರುಡೆ,
ಕ್ರೌನಿನ ಹಲ್ಲೆಣಿಸು, ಪಿನಿಯನ್ ಹಲ್ಲೆಣಿಸು,
ನಲವತ್ತೊಂದಕ್ಕೆ ಹತ್ತು ಬರಬೇಕು,
ಆಕ್ಸೆಲ್ಲಿನ ಗೀರು ಗೀರಿಗೆ ಕೂಡಬೇಕು,
ಬೋಲ್ಟಿನಡಿ ತಗಡಿನ ಚೀಟಿ ಉಳಿದಿದ್ದರೆ
ಅವತ್ತು ದೇವರು ದೊಡ್ಡವನು.
ಒಂದು ಸಿಕ್ಕಿತು. ಗುಜರಿಯ ಹಾಲಸ್ವಾಮಿ ಆಣೆ ಇಟ್ಟ:
"ಲಾಕ್ ಇರೋದೇ ಅಣ್ಣ, ಜಪಾನ್ ಮಾಲು."
ಎರಡು ಆಕ್ಸೆಲ್ ತುರುಕಿ ಒಂದನ್ನು ತಿರುಗಿಸಿದೆ.
ಎರಡೂ ಒಂದೇ ಕಡೆ!
ನಾನು ಕುಣಿದೆ. ಹಾಲಸ್ವಾಮಿ ಟೀ ತರಿಸಿದ.

ಗೌಸ್ ಪೀರ್ ಟೀ ಮುಟ್ಟಲಿಲ್ಲ.
"ಒಂದನ್ನ ವೈಸಿಗೆ ಕಚ್ಚಿಸು. ಇನ್ನೊಂದಕ್ಕೆ ಪೈಪ್ ಹಾಕಿ ಎಳಿ."
ಎಳೆದೆ. ಜೋತುಬಿದ್ದೆ. ನನ್ನ ಮೇಲೆ ಹಾಲಸ್ವಾಮಿಯೂ ಬಿದ್ದ.
ಕೂದಲೆಳೆಯಷ್ಟೂ ಇಲ್ಲ.
ಅವರು ಟಾರ್ಚು ಬಿಟ್ಟು ಕಿಟಕಿಯೊಳಗೆ ಇಣುಕಿದರು:
ಒಳಗಿನ ನಾಲ್ಕೂ ಹಲ್ಲುಗಾಲಿಗಳನ್ನು ಸೇರಿಸಿ
ಯಾರೋ ವೆಲ್ಡಿಂಗ್ ಹೊಡೆದಿದ್ದರು,
ಒಣಗಿದ ಹುಣ್ಣಿನ ಹಕ್ಕಳೆಯ ಹಾಗೆ.
"ಒಂದೇ ಕಡೆ ತಿರುಗೋದೆಲ್ಲ ಒಗ್ಗಟ್ಟಲ್ಲಪ್ಪ.
ತಿರುವು ಬಂದಾಗ ಇದು ಟೈರ್ ತಿಂತೈತಿ, ಕೊನಿಗೆ ಆಕ್ಸೆಲ್ ಮುರೀತೈತಿ."
ಟೀ ದುಡ್ಡು ನಾವೇ ಕೊಟ್ಟೆವು.

ನಮ್ಮದು ಇದ್ದದ್ದು
ಕೋಳಿ ಕಾವು ಕೂತ ಬುಟ್ಟಿಯ ಅಡಿಗೆ.
ಕೋಳಿ ಕುಕ್ಕಿದ ಗುರುತು ಈಗಲೂ ಮಣಿಕಟ್ಟಲ್ಲಿದೆ.
ಪೈಪು ಎಳೆದಾಗ ಮೊದಲು ಬಂಡೆ. ಆಮೇಲೆ,
ಮುದ್ದೆ ತಿರುವುವ ಕೋಲಿಗೆ ಸಿಗುವಂಥ ಎದುರು:
ಬಂತು, ಬಿಡದೆ ಬಂತು,
ಕೊಡುತ್ತಲೇ ಹಿಡಿದುಕೊಂಡಿತು.
"ತಿಳೀತಾ?" ಅಂದರು. ಕೈಗೆ ತಿಳಿದಿತ್ತು,
ಬಾಯಿಗೆ ಇವತ್ತಿಗೂ ತಿಳಿದಿಲ್ಲ.

ಹಲ್ಲಿಗೆ ನೀಲಿ ಬಳಿದು ತಿರುಗಿಸಿ ನೋಡಿದೆವು;
ಗುರುತು ಹಲ್ಲಿನ ಅಂಚಿಗೆ ಬಿತ್ತು, ಬಿಚ್ಚಿದೆವು,
ಶಿಮ್ ಇಟ್ಟೆವು, ಬುಡಕ್ಕೆ ಬಿತ್ತು, ಬಿಚ್ಚಿದೆವು.
ಐದನೇ ಸಲಕ್ಕೆ ನಟ್ಟನಡುವೆ ಬಂತು,
ಬೆರಳಿಗೆ ಅಂಟಿದ ನೀಲಿಯಲ್ಲೇ ಮೇಸ್ತ್ರಿ ಬೀಡಿ ಹಚ್ಚಿದರು.
ಎಣ್ಣೆ ಬೇರೆಯದು, ಹುಬ್ಬಳ್ಳಿಯಿಂದ ಬಸ್ಸಲ್ಲಿ ಬಂದದ್ದು,
ವಾಸನೆಗೆ ಕಂಡಕ್ಟರು ಎರಡು ಸಲ ಬೈದಿದ್ದನಂತೆ.

"ಪ್ಲೇಟುಗಳು ಒಂದಕ್ಕೊಂದು ಹೊಂದಿಕೋಬೇಕು,
ಮೈದಾನದಾಗ ಎಂಟು ಹೊಡೀರಿ ಟೀಚರೇ, ನಿಧಾನ, ಇಪ್ಪತ್ತು ಸಲ."
ಸಂಜೆ. ಹೈಸ್ಕೂಲ್ ಮೈದಾನ.
ಟೀಚರು ಎಂಟು ಬರೆಯುತ್ತ ಹೋಗಿ
ಗೋಲ್ ಕಂಬದ ಹತ್ತಿರ ಬ್ರೇಕ್ ಹಾಕಿದರು.
"ಕನ್ನಡದ್ದಲ್ಲ ಟೀಚರೇ, ಇಂಗ್ಲಿಷ್ ಎಂಟು!" ಅಂತ ಕೂಗಿದೆ.
ಗಾಜು ಇಳಿಸಿ ನಕ್ಕರು:
"ನಮ್ಮ ಎಂಟು ಬಾಯಿ ಮುಚ್ಚೋದೇ ಇಲ್ಲ ಕಣೋ,
ಮೂವತ್ತು ವರ್ಷ ಬೋರ್ಡಿಗೆ ಬರೆದೀನಿ, ಇವತ್ತು ಗೊತ್ತಾಯ್ತು."

ಹಿಂದೆ, ಹೌಸಿಂಗಿನೊಳಗೆ,
ಒಲ್ಲದ ಮಾತಾಡುವವರ ಗುರ್ರ್ ಸದ್ದು.
ಹದಿನಾಲ್ಕನೇ ಸುತ್ತಿಗೆ ಅದೂ ಇಳಿಯಿತು.

ಮಾರನೇ ಬೆಳಿಗ್ಗೆ ಪ್ರಾರ್ಥನೆಗೆ ಬಂದ ಮಕ್ಕಳು
ಆ ಗಾಲಿಗೆರೆಗಳ ಮೇಲೇ ಸಾಲಾಗಿ ನಿಂತರಂತೆ,
ಪಿ.ಟಿ. ಮೇಷ್ಟರು ಎಷ್ಟು ಸೀಟಿ ಊದಿದರೂ
ನೆಟ್ಟಗಾಗಲಿಲ್ಲವಂತೆ.