ಒಂದಗುಳು ಸಾಲದು

ಸ್ವಾನ್‌ಸೀ ಆಸ್ಪತ್ರೆ, ನಾಲ್ಕನೇ ಮಹಡಿ, ರಾತ್ರಿ ಎರಡೂ ಕಾಲು.
ಸ್ಟೀಲ್ ಡಬ್ಬಿಯನ್ನೇ ಒಳಗಿಡಹೊರಟವಳ
ಮಣಿಕಟ್ಟು ಹಿಡಿದಳು ಗ್ಲೆನಿಸ್:
"ಮಿಂಚು ನೋಡೋ ಆಸೆಯಿದ್ದರೆ ಕಿಟಕಿಗೆ ಹೋಗು,
ಕಡಲ ಮೇಲೆ ಪುಕ್ಕಟೆ ಸಿಗುತ್ತೆ."

ಗಾಜಿನ ಬೋಗುಣಿಗೆ ಸುರಿದೆ
ನಿನ್ನೆಯ ಅನ್ನ, ಹಾಗಲಕಾಯಿ ಗೊಜ್ಜು.
ಎಷ್ಟು ಹೊತ್ತಿಗೆ ಮಾಡಿದ್ದು? ಫ್ರಿಜ್ಜಿಗೆ ಯಾವಾಗ ಹೋಯಿತು?
ಅನ್ನಕ್ಕೂ ಕೇಸ್ ಶೀಟು!
ಗಂಟೆಯೊಳಗೇ ಇಟ್ಟೆ ತಾಯಿ, ಅಂದೆ.
ಎರಡು ಚಮಚ ನೀರು ಚಿಮುಕಿಸಿ
ಮುಚ್ಚಳ ಓರೆ ಮಾಡಿದಳು.

ಹಳದಿ ಬೆಳಕು. ತಟ್ಟೆ ತಿರುಗಿತು.
ಉರಿಯಿಲ್ಲ, ಹೊಗೆಯಿಲ್ಲ, ಊದುಗೊಳವೆಯ ಕೆಮ್ಮಿಲ್ಲ.

ಅಂಚಿನ ಅಗುಳೊಂದ ಹಿಚುಕಿ ಬಿಸಿ ಅಂದೆ.
ನಮ್ಮಲ್ಲಿ ಇಡೀ ಹಂಡೆಗೆ ಒಂದಗುಳೇ ಸಾಕ್ಷಿ.
ಅವಳು ನಡುವಿಗೆ ಚಮಚ ಇಳಿಸಿ
ನನ್ನ ಅಂಗೈಗೆ ಹಾಕಿದಳು:
ಬಾವಿ ತಳದ ತಂಪು.

ಕಲಸು. ಮತ್ತೆ ಇಡು. ಗಂಟೆ ಹೊಡೆದರೂ
ಎರಡು ನಿಮಿಷ ಮುಟ್ಟಬೇಡ,
ಶಾಖ ಇನ್ನೂ ಒಳಕ್ಕೆ ನಡೀತಿರುತ್ತೆ.

ಬೇಯುವ ತನಕ ಕಾದವರು
ಆರುವ ತನಕ ಕಾಯಬಾರದೇ ಎಂದು
ನಾನು ಕನ್ನಡದಲ್ಲಿ ಗೊಣಗಿದೆ,
ಅವಳು ವೆಲ್ಷ್‌ನಲ್ಲಿ ಏನೋ.
ಅರ್ಥ ಇಬ್ಬರೂ ಕೇಳಲಿಲ್ಲ.

ಮೂರು ಗಂಟೆಯ ಸುತ್ತಿನಲ್ಲಿ
ಏಳನೇ ಹಾಸಿಗೆಯ ಮುದುಕ
ಎಂದಿನ ಹಾಗೆ ನಕ್ಕ, "ಆರಾಮಾಗಿದ್ದೀನಿ" ಅಂದ.
ಕೈ ಬೆಚ್ಚಗೇ ಇತ್ತು.
ಪಟ್ಟಿಯಲ್ಲಿ ಗುರುತು ಹಾಕಿ ಹೊರಟವಳು
ಬಾಗಿಲಿಂದ ವಾಪಸಾದೆ,
ಕುರ್ಚಿ ಎಳೆದು ಕೂತೆ.

ಎರಡು ನಿಮಿಷ.
ಆಮೇಲೆ ಅವನೇ ಶುರು ಮಾಡಿದ.