ಉಪ್ಪುಕಾಗದ

ಕಾಗದ ತಂದಿದ್ದೀಯಾ ಅಂತ ಕೇಳಿದಿರಿ, ವಕೀಲಮ್ಮ.
ತಂದಿದ್ದೇನೆ.
ಮದುವೆಯ ಸರ್ಟಿಫಿಕೇಟು, ಒಂದು ಮೂಲೆ ಗೆದ್ದಲು ತಿಂದದ್ದು.
ಹೆಂಗಸರ ಸಂಘದ ಪಾಸ್‌ಬುಕ್ಕು.
ಕೆಮುಂಟೊ ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಹಳದಿ ಚೀಟಿ.
ಜಮೀನಿನ ಪತ್ರ ಮಾತ್ರ ಇಲ್ಲ,
ಅದು ಅವನ ತಗಡಿನ ಪೆಟ್ಟಿಗೆಯಲ್ಲಿ.
ಅದರಲ್ಲಿ ಮೊಕಾಯ ಅಂತ ಅವನ ಹೆಸರಿದೆ, ಅವನಪ್ಪನ ಹೆಸರಿದೆ,
ಅಲ್ಲಿಗೆ ಮುಗಿಯಿತು.
ಅದನ್ನು ಕೊಂಡ ವರ್ಷ ನಾನು
ಎರಡು ಸಾವಿರ ತಟ್ಟೆ ಉಜ್ಜಿದ್ದೆ.

ನಮ್ಮ ತಬಾಕಾದಲ್ಲಿ ಗಂಡಸರು ಕೆತ್ತುತ್ತಾರೆ,
ಹೆಂಗಸರು ಉಜ್ಜುತ್ತಾರೆ.
ಬಳಪದ ಕಲ್ಲು ಮೆತ್ತಗೆ, ಮಚ್ಚು ಮುಟ್ಟಿಸಿದರೆ ಸಾಕು
ನೀರಾನೆಯೋ ಮೀನೋ ಆಗಿಬಿಡುತ್ತದೆ.
ಆಮೇಲೆ ಅದು ನನ್ನ ಬೋಗುಣಿಗೆ ಬರುತ್ತದೆ.
ನೀರೊಳಗೆ ಮೊದಲು ಒರಟು ಉಪ್ಪುಕಾಗದ, ಮತ್ತೆ ನಡುವಿನದು,
ಕೊನೆಗೆ ನಾನೂರು ನಂಬರಿನದು,
ಮಗುವಿನ ಕೆನ್ನೆ ಒರೆಸಿದ ಹಾಗೆ.
ಬಿಸಿಲಿಗಿಟ್ಟು, ಮೇಣ ಹಚ್ಚಿ, ಹರಿದ ಕಾಲುಚೀಲದಲ್ಲಿ ತಿಕ್ಕಿದರೆ
ನೈರೋಬಿಯ ಸಾಹುಕಾರ ಮುಖ ನೋಡಿಕೊಳ್ಳಬೇಕು.
ದುಡ್ಡು ಹೋಗುವುದು ಮೊಕಾಯನ ಫೋನಿಗೆ.
ಫೋನು ಯಾರ ಹೆಸರಲ್ಲಿದೆಯೋ ಅದೂ ಪುರಾವೆಯಂತೆ. ಇರಲಿ.

ನೀವೇ ಕಾಯಿದೆ ಓದಿ ಹೇಳಿದಿರಿ,
ಹಣವಲ್ಲದ ಕೊಡುಗೆಯೂ ಕೊಡುಗೆಯೇ ಎಂದು.
ಮನೆಗೆಲಸ, ಮಕ್ಕಳ ಪಾಲನೆ, ಹೊಲದ ದುಡಿಮೆ,
ಇನ್ನೊಂದು ಪದಕ್ಕೆ ಬಂದಾಗ ಯಾಕೋ ತಡೆದಿರಿ:
ಸಾಂಗತ್ಯ.
ಅದಕ್ಕೂ ಲೆಕ್ಕವುಂಟಾ? ಯಾವ ತಕ್ಕಡಿಯಲ್ಲಿ?
ಗಣಿಯ ದರೆ ಕುಸಿದ ರಾತ್ರಿ ಅವನ ತಮ್ಮ ಕೆಳಗಿದ್ದ.
ಮೂರು ದಿನ ಮೊಕಾಯ ಮಾತಾಡಲಿಲ್ಲ.
ನಾನೂ ಆಡಲಿಲ್ಲ. ಪಕ್ಕದಲ್ಲಿ ಕೂತು ಬಾಳೆಕಾಯಿ ಸುಲಿದೆ,
ಬೇಯಿಸಿದೆ, ಯಾರೂ ತಿನ್ನಲಿಲ್ಲ, ಮತ್ತೆ ಸುಲಿದೆ.
ಅದಕ್ಕೆ ಸಾಕ್ಷಿ ಅವನೊಬ್ಬನೇ.
ಅವನೀಗ ಎದುರು ಪಕ್ಷ.

ಬಿಡುಗಡೆ ಕೇಳಿದ್ದು ನಾನೇ.
ಯಾಕೆಂದು ಎರಡನೇ ಪುಟದಲ್ಲಿ ಬರೆಸಿದ್ದೇನೆ,
ಮತ್ತೆ ಬಾಯಲ್ಲಿ ಹೇಳಿಸಬೇಡಿ.

ಅವನ ವಕೀಲರು ಒಂದೇ ಸಾಲಲ್ಲಿ ಮುಗಿಸಿದ್ದಾರೆ:
ಆಕೆ ಬರೀ ಉಜ್ಜುತ್ತಿದ್ದಳು.
ಬರೀ!
ನಿಮ್ಮ ಮೇಜಿನ ಮೇಲೆ ಇದೆಯಲ್ಲ,
ಒಂದೇ ಕಲ್ಲಿನ ಗಂಡ ಹೆಂಡತಿ, ಫೈಲು ಹಾರದ ಹಾಗೆ ಇಟ್ಟಿದ್ದೀರಿ,
ಇಲ್ಲಿ ಕೊಡಿ. ನೋಡಿ, ತೋಳಿನ ಕೆಳಗೆ ಗೀರಿದೆ.
ಇವಳು ಯಾರೋ ಅವಸರದಲ್ಲಿದ್ದಳು,
ನಾನೂರರ ಕಾಗದ ಇಲ್ಲಿಗೆ ತಾಗಿಯೇ ಇಲ್ಲ.
ಮನೆಯಲ್ಲಿ ಕೂಸು ಅಳುತ್ತಿತ್ತೋ ಏನೋ.

ಗುರುತಿನ ಚೀಟಿ ಬದಲಿಸಲು ಹೋದ ತಿಂಗಳು
ಕಚೇರಿಯ ಗುಮಾಸ್ತ ಮೂರು ಸಲ ಮಸಿ ಹಚ್ಚಿ ಒತ್ತಿಸಿದ.
ಬೆರಳಲ್ಲಿ ಗೆರೆಯೇ ಇಲ್ಲವಲ್ಲಮ್ಮ ಅಂದ.
ನನಗೆ ನಗು ಬಂತು. ಇದ್ದವು ಮಾರಾಯ.
ಈಗ ಯಾವುದೋ ಚಳಿಯ ದೇಶದ ಕಪಾಟಿನಲ್ಲಿ
ನೀರಾನೆಯ ಬೆನ್ನ ಮೇಲಿವೆ.
ಜಪ್ತಿ ಮಾಡಿಸಲು ಸಾಧ್ಯವಾ, ಕೇಳಿ ನೋಡಿ.

ಅರ್ಧ ಮನೆ ಅಂದರೆ ಯಾವ ಅರ್ಧ?
ನೀರಿನ ಟ್ಯಾಂಕಿರುವ ಕಡೆ ನನಗಿರಲಿ,
ಅಂಗಳದಲ್ಲಿ ಮಧ್ಯಾಹ್ನದವರೆಗೂ ಬಿಸಿಲು ಬೀಳುವ ಕಡೆ.
ಪಿಕಪ್ ಅವನೇ ಇಟ್ಟುಕೊಳ್ಳಲಿ, ಗೇರೂ ಸರಿಯಿಲ್ಲ.
ಇಪ್ಪತ್ತೆರಡು ವರ್ಷದ ಧೂಳು ಇಬ್ಬರ ಎದೆಯಲ್ಲೂ ಇದೆ.
ಅವನ ಕೆಮ್ಮು ನೂರು ಜನರ ನಡುವೆಯೂ ನನಗೆ ಗೊತ್ತಾಗುತ್ತದೆ.
ಇವತ್ತು ಮೆಟ್ಟಿಲ ಹತ್ತಿರ ಕೇಳಿಸಿತು,
ನೀರು ಕೊಡಲು ಕೈ ಚೀಲಕ್ಕೆ ಹೋಗಿತ್ತು.
ಅದನ್ನೇನೂ ಬರೆದುಕೊಳ್ಳಬೇಡಿ.

ಇನ್ನೊಂದು ಮಾತು. ಮೊನ್ನೆ ಕಿಸಿಯ ಸಂತೆಯಲ್ಲಿ
ಚಿಕ್ಕದೊಂದು ಮಚ್ಚು ಕೊಂಡೆ, ಹಿಡಿ ನನ್ನ ಕೈಗೆ ಸರಿಯಾಗಿದೆ.
ಅಂಗಡಿಯವನಿಗೆ ಬೇಕೇ ಬೇಕೆಂದು ಹೇಳಿ
ರಸೀದಿಯಲ್ಲಿ ಪೂರ್ತಿ ಹೆಸರು ಬರೆಸಿಕೊಂಡೆ:
ಬೊಸಿಬೊರಿ.
ಇದನ್ನು ಹಂಚುವ ಪಟ್ಟಿಗೆ ಸೇರಿಸಬೇಡಿ.